ಕೋವಿ ಯಾವಾಗ ಮನೆಗೆ ಬರಬೇಕು: ದಕ್ಷಿಣ ಕೊಡಗಿನ ಒಂದು ಚೇತರಿಕೆಯ ಪ್ರಕರಣ

ಕುಡಿತ ಬಿಡುವವರಿಗೆ ಸಮಾಲೋಚನೆ ಮಾಡುವುದು ನನ್ನ ಕೆಲಸ. ಈ ಪ್ರಕರಣದ ವ್ಯಕ್ತಿಯನ್ನು ಹವಾಲ್ದಾರರು ಎಂದು ಕರೆಯುತ್ತೇನೆ. ಮನೆತನದ ಹೆಸರು, ಊರು, ರೆಜಿಮೆಂಟು ಯಾವುದೂ ಇಲ್ಲಿ ಬರುವುದಿಲ್ಲ. ಕೊಡಗಿನಲ್ಲಿ ಮನೆತನದ ಹೆಸರು ಹೇಳಿದರೆ ಸಾಕು, ಊರು, ತೋಟ, ಅಜ್ಜ ಯಾರು ಎಲ್ಲ ಗೊತ್ತಾಗಿಬಿಡುತ್ತದೆ. ಹಾಗಾಗಿ ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಬರೆಯಲು ಅವರೂ ಅವರ ಪತ್ನಿಯೂ ಒಪ್ಪಿದ್ದಾರೆ. ಪತ್ನಿಯದು ಒಂದೇ ಷರತ್ತು: "ಅವರು ಗುಣ ಆದ್ರು ಅಂತ ಮಾತ್ರ ಬರೀಬೇಡಿ. ಹೇಗಿದೆಯೋ ಹಾಗೆ ಬರೀರಿ."

ಹಿನ್ನೆಲೆ

ಹವಾಲ್ದಾರರಿಗೆ ಆಗ ಐವತ್ತರ ಆಸುಪಾಸು. ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದು ವರ್ಷಗಳಾಗಿದ್ದವು. ಒಂದಿಷ್ಟು ಗದ್ದೆ, ರೊಬಸ್ಟಾ ತೋಟ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು. ಪಿಂಚಣಿ ಬರುತ್ತಿತ್ತು. ಮಗಳು ಮೈಸೂರಿನಲ್ಲಿ ಓದುತ್ತಿದ್ದಳು. ಹೊರಗಿನಿಂದ ನೋಡಿದರೆ ಏನೂ ಕೊರತೆ ಇಲ್ಲದ ಮನೆ.

ಸೇನೆಯಲ್ಲಿದ್ದಾಗಲೂ ಕುಡಿಯುತ್ತಿದ್ದರು. ಆದರೆ ಅಲ್ಲಿ ಅದಕ್ಕೊಂದು ಹೊತ್ತಿತ್ತು. ಬೆಳಿಗ್ಗೆ ಪರೇಡಿಗೆ ನಿಲ್ಲಬೇಕಲ್ವಾ. ಊರಿಗೆ ಬಂದ ಮೇಲೆ ಆ ಹೊತ್ತು ಸಡಿಲವಾಯಿತು. ಅವರೇ ಹೇಳಿದಂತೆ, ಶುರುವಾಗಿದ್ದು ಸ್ಪ್ರಿಂಕ್ಲರ್ ರಾತ್ರಿಗಳಲ್ಲಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ರೊಬಸ್ಟಾಕ್ಕೆ ನೀರು ಹಾಯಿಸಲೇಬೇಕು. ಮೋಟಾರಿಗೆ ಕರೆಂಟು ಬರುವುದು ರಾತ್ರಿ. ಕೆಲವು ಗಂಟೆಗೊಮ್ಮೆ ಎದ್ದು ಪೈಪು ಬದಲಿಸಬೇಕು. ಚಳಿಗೆ ಒಂದು ಪೆಗ್, ನಿದ್ದೆ ಬಾರದ್ದಕ್ಕೆ ಇನ್ನೊಂದು. ಹೂ ಅರಳಿ ಕಾಯಿ ಕಟ್ಟಿ ನೀರಿನ ಕೆಲಸ ಮುಗಿಯಿತು. ಪೆಗ್ ಮಾತ್ರ ಉಳಿಯಿತು.

ಇಲ್ಲಿ ಒಂದು ಮಾತು. ಕೊಡಗಿನ ಅನೇಕ ಮನೆಗಳಲ್ಲಿ ಕುಡಿತ ಕದ್ದು ಮಾಡುವ ಕೆಲಸ ಅಲ್ಲ. ಕಾರಣವರಿಗೆ, ಅಂದರೆ ಮನೆತನದ ಹಿರಿಯರಿಗೆ, ಎಡೆ ಇಡುವಾಗ ಮಾಂಸದ ಜೊತೆ ಮದ್ಯವೂ ಇರುತ್ತದೆ. ಮದುವೆಯಲ್ಲಿ ಇರುತ್ತದೆ, ಹಬ್ಬದಲ್ಲಿ ಇರುತ್ತದೆ. ಎಲ್ಲ ಸಮುದಾಯಕ್ಕೂ ಈ ಮಾತು ಅನ್ವಯಿಸುವುದಿಲ್ಲ, ಜಿಲ್ಲೆಯಲ್ಲಿ ಹತ್ತಾರು ಸಮುದಾಯಗಳಿವೆ. ಆದರೆ ಹವಾಲ್ದಾರರ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಇದೇ ರೂಢಿ. ಹಾಗಾಗಿ "ಕುಡಿಯುತ್ತಾರಾ?" ಎಂದು ಕೇಳಿದರೆ ಅಲ್ಲಿ ಏನೂ ತಿಳಿಯುವುದಿಲ್ಲ. "ಬೆಳಿಗ್ಗೆ ಕೈ ನಡುಗುತ್ತಾ?" ಎಂದು ಕೇಳಿದೆ. ಪತ್ನಿ ತಲೆ ಆಡಿಸಿದರು. ಹವಾಲ್ದಾರರು ಎದ್ದು ಹೊರಗೆ ಹೋದರು.

ನನ್ನ ಹತ್ತಿರ ಬರುವ ಮೊದಲು

ಮೊದಲು ಬಂದದ್ದು ಕುಡಿತ ಬಿಡಿಸುವ ಪುಡಿ. ಸಂಬಂಧಿಕರೊಬ್ಬರು ಜಾಹೀರಾತು ನೋಡಿ ತರಿಸಿದ್ದು. ಕುಡಿಯುವವರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಬೇಕಂತೆ. ಪತ್ನಿ ಬೆರೆಸಿದರು. ಅಂದು ರಾತ್ರಿ ಕುಡಿದು ಊಟ ಮಾಡಿದ ಹವಾಲ್ದಾರರಿಗೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಜೀವ ಹೋದಂತಾಯಿತು.

ಆ ಪುಡಿಯಲ್ಲಿ ಏನಿತ್ತೋ ಪೊಟ್ಟಣದ ಮೇಲೆ ಬರೆದಿರಲಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆ ತೆಗೆದುಕೊಂಡವರು ಕುಡಿದರೆ ಹೀಗೇ ಆಗುತ್ತದೆ. ಮದ್ಯ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ, ಆಮೇಲೆ ಅದೂ ಕರಗುತ್ತದೆ. ಈ ಮಾತ್ರೆ ಎರಡನೇ ಹಂತವನ್ನು ತಡೆದುಬಿಡುತ್ತದೆ. ವಿಷ ರಕ್ತದಲ್ಲೇ ಉಳಿಯುತ್ತದೆ, ರಕ್ತದೊತ್ತಡ ಕುಸಿಯಬಹುದು, ಹೃದಯದ ತೊಂದರೆ ಇರುವವರ ಪ್ರಾಣಕ್ಕೇ ಕುತ್ತು. ವೈದ್ಯರ ಕಣ್ಗಾವಲಿನಲ್ಲಿ, ಎಲ್ಲ ತಿಳಿದು ಒಪ್ಪಿ ತೆಗೆದುಕೊಳ್ಳುವವರಿಗೆ ಅದು ಒಳ್ಳೆಯ ಮದ್ದು. ಕದ್ದು ಬೆರೆಸುವಂಥದ್ದಲ್ಲ.

ಹವಾಲ್ದಾರರಿಗೆ ಒಂದೆರಡು ದಿನದಲ್ಲೇ ವಿಷಯ ಗೊತ್ತಾಯಿತು. ಅವರು ಜಗಳ ಮಾಡಲಿಲ್ಲ. ಮನೆಯಲ್ಲಿ ಊಟ ಮಾಡುವುದನ್ನೇ ಬಿಟ್ಟರು. ಗೋಣಿಕೊಪ್ಪದ ಹೋಟೆಲಿನಲ್ಲಿ ತಿಂದು, ಅಲ್ಲೇ ಕುಡಿದು ರಾತ್ರಿ ಬರುತ್ತಿದ್ದರು. ನಂಬಿಕೆ ಮುರಿದದ್ದು ಕುಡಿತದಿಂದ ಎಂದು ಮನೆಯವರು ಅಂದುಕೊಂಡಿದ್ದರು. ಅವರ ಲೆಕ್ಕದಲ್ಲಿ ಅದು ಮುರಿದದ್ದು ಸಾರಿನಿಂದ.

ಎರಡನೆಯದು ಅವರದೇ ನಿರ್ಧಾರ. ಜುಲೈ ತಿಂಗಳ ಮಳೆ, ಕರೆಂಟಿಲ್ಲ, ರಸ್ತೆಯಲ್ಲಿ ಮರ ಬಿದ್ದಿತ್ತು. "ನಾಳೆಯಿಂದ ಬಿಟ್ಟೆ" ಎಂದು ಬಾಟಲಿ ಎಸೆದರು. ಮನೆಯವರಿಗೆ ಖುಷಿ. ಮಾರನೇ ದಿನ ಬೆವರು, ನಡುಕ. ಎರಡನೇ ದಿನ ಒಮ್ಮೆ ಫಿಟ್ಸ್ ಬಂತು. ಮೂರನೇ ರಾತ್ರಿ ಎದ್ದು ಕೂತು "ಅಂಗಳಕ್ಕೆ ಆನೆ ಬಂದಿದೆ" ಎಂದರು.

ಬೇರೆ ಊರಾಗಿದ್ದರೆ ಆ ಮಾತು ಕೇಳಿದ ತಕ್ಷಣ ಎಲ್ಲರೂ ಬೆಚ್ಚಿ ಬೀಳುತ್ತಿದ್ದರು. ಇಲ್ಲಿ ಹಾಗಲ್ಲ. ಅಂಗಳಕ್ಕೆ ಆನೆ ನಿಜವಾಗಿಯೂ ಬರುತ್ತದೆ. ಅಣ್ಣನ ಮಗ ಟಾರ್ಚ್ ಹಿಡಿದು ನೋಡಿದ, ಪಟಾಕಿ ಹೊಡೆದ, ಬಾಗಿಲು ಭದ್ರ ಮಾಡಿ ಬಂದ. "ಹೋಯ್ತು ಚಿಕ್ಕಪ್ಪ, ಮಲಗಿ" ಎಂದ. ಒಂದು ಗಂಟೆಯ ಮೇಲೆ ಹವಾಲ್ದಾರರು ಗೋಡೆಯಿಂದ ಇರುವೆ ಒರೆಸಲು ಶುರು ಮಾಡಿದಾಗಲೇ ಪತ್ನಿಗೆ ಅನುಮಾನ ಬಂದದ್ದು. ಗೋಡೆಯ ಮೇಲೆ ಇರುವೆ ಇರಲಿಲ್ಲ.

ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ವರ್ಷಗಟ್ಟಲೆ ದಿನವೂ ಜಾಸ್ತಿ ಕುಡಿದವರು ಒಮ್ಮೆಲೇ ಬಿಟ್ಟರೆ, ಸಾಮಾನ್ಯವಾಗಿ 48ರಿಂದ 96 ಗಂಟೆಗಳ ನಡುವೆ ಬರುತ್ತದೆ. ಫಿಟ್ಸ್ ಅದಕ್ಕಿಂತ ಮೊದಲೇ, ಮೊದಲ ಎರಡು ದಿನದಲ್ಲಿ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಸಾವೂ ಆಗಬಹುದು. ಮರ ಕಡಿದು ದಾರಿ ಬಿಡಿಸಿ, ಜೀಪಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ಥಯಾಮಿನ್ ಇಂಜೆಕ್ಷನ್, ನಡುಕ ಮತ್ತು ಫಿಟ್ಸ್ ತಡೆಯುವ ಮಾತ್ರೆಗಳು, ಡ್ರಿಪ್. ಐದಾರು ದಿನದಲ್ಲಿ ತಲೆ ತಿಳಿಯಾಯಿತು. ನನಗೆ ಅವರ ಪರಿಚಯವಾದದ್ದು ಆ ವಾರ್ಡಿನಲ್ಲಿ.

ಕೋವಿಯ ಪ್ರಶ್ನೆ

ಡಿಸ್ಚಾರ್ಜ್ ಆಗಿ ಕೆಲವೇ ವಾರಗಳಲ್ಲಿ ಪತ್ನಿ ಫೋನ್ ಮಾಡಿದರು. ಹವಾಲ್ದಾರರು ಕುಡಿದಿರಲಿಲ್ಲ. ಆದರೆ ಹಿಂದಿನ ರಾತ್ರಿ ಕೋವಿ ಇಡುವ ಕೋಣೆಯಲ್ಲಿ ದೀಪ ಹಾಕದೆ ಕೂತಿದ್ದರಂತೆ. "ನಾನಿದ್ದು ಯಾರಿಗೆ ಏನು ಪ್ರಯೋಜನ" ಎಂದರಂತೆ. ಪತ್ನಿ ಬೆಳಗಿನವರೆಗೆ ಬಾಗಿಲಲ್ಲೇ ಕೂತಿದ್ದರು.

ಕೊಡಗಿನ ಹೊರಗಿನವರಿಗೆ ಸ್ವಲ್ಪ ಹೇಳಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸುಗ್ಗಿಯ ಹಬ್ಬ ಹುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು ಹಾರಿಸುತ್ತಾರೆ. ಸೆಪ್ಟೆಂಬರ್ ಮೊದಲ ವಾರದ ಆಯುಧಗಳ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ. ಕೋವಿ ಇಲ್ಲದ ಮನೆ ಎಂದರೆ ಗಂಡಸಿಲ್ಲದ ಮನೆ ಎಂದು ಆಡಿಕೊಳ್ಳುವವರು ಈಗಲೂ ಇದ್ದಾರೆ.

ಇಷ್ಟೆಲ್ಲ ಗೊತ್ತಿದ್ದೂ, ಖಿನ್ನತೆಯಲ್ಲಿರುವ, ಈಗಷ್ಟೇ ಕುಡಿತ ಬಿಟ್ಟಿರುವ ಮನುಷ್ಯನ ಕೈಗೆಟುಕುವಲ್ಲಿ ಕೋವಿ ಇರಬಾರದು ಎಂಬುದರಲ್ಲಿ ನನಗೆ ಎರಡು ಮಾತಿರಲಿಲ್ಲ. ಹವಾಲ್ದಾರರನ್ನೇ ನೇರವಾಗಿ ಕೇಳಿದೆ: ಸಾಯುವ ಯೋಚನೆ ಬರುತ್ತಿದೆಯಾ? ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಅನೇಕರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಅವರು ತುಂಬಾ ಹೊತ್ತು ಸುಮ್ಮನಿದ್ದು "ಬರ್ತದೆ" ಎಂದರು. ಅಂದೇ ಮನೋವೈದ್ಯರ ಬಳಿ ಕಳಿಸಿದೆವು. ಖಿನ್ನತೆಗೆ ಮಾತ್ರೆ ಶುರುವಾಯಿತು.

ಕೋವಿಯನ್ನು ಏನು ಮಾಡುವುದು? ಅಣ್ಣ, ಅಂದರೆ ದೊಡ್ಡಪ್ಪನ ಮಗ, "ನಮ್ಮ ಮನೆಯಲ್ಲಿರಲಿ" ಎಂದರು. ನಾನು ಬೇಡ ಎಂದೆ. ಆ ಮನೆ ಇವರ ತೋಟದಾಚೆಗೇ ಇದೆ, ಅಲ್ಲಿ ಪ್ರತಿ ಸಂಜೆ ಬಾಟಲಿ ತೆರೆಯುತ್ತದೆ. ಕಾನೂನಿನಲ್ಲಿ ಇದಕ್ಕೆ ಸರಿಯಾದ ದಾರಿ ಇದೆ. ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಜಮಾ ಇಟ್ಟು ರಸೀದಿ ಪಡೆಯಬಹುದು. ಠಾಣೆ ಎಂದ ತಕ್ಷಣ ಹವಾಲ್ದಾರರ ಮುಖ ಕಪ್ಪಿಟ್ಟಿತು. ಅಂಗಡಿ ಎಂದಾಗ ಒಪ್ಪಿದರು. "ಆದರೆ ನಾನೇ ಕೊಡ್ತೇನೆ. ನನ್ನಿಂದ ಕಿತ್ಕೊಂಡು ಹೋಗಬಾರದು."

ಈ ಮಾತನ್ನು ಹಿಡಿದಿಟ್ಟುಕೊಂಡದ್ದು ಇಡೀ ಪ್ರಕರಣದ ದೊಡ್ಡ ತಿರುವು ಎಂದು ನನ್ನ ಅಭಿಪ್ರಾಯ. ಅವರೇ ಕೋವಿ ಒರೆಸಿದರು, ಎಣ್ಣೆ ಹಾಕಿದರು, ಅಣ್ಣನ ಜೊತೆ ಹೋಗಿ ಕೊಟ್ಟು ಬಂದರು. ರಸೀದಿ ಪತ್ನಿಯ ಒಡವೆ ಪೆಟ್ಟಿಗೆ ಸೇರಿತು.

ಒಬ್ಬೊಬ್ಬರಿಗೆ ಒಂದೊಂದು ಚೇತರಿಕೆ

ಆ ಹೊತ್ತಿಗೆ ಮನೆಯಲ್ಲಿ ಹೊಸ ಜಗಳಗಳು ಶುರುವಾಗಿದ್ದವು. ಕುಡಿತ ಇರಲಿಲ್ಲ, ಜಗಳ ಇತ್ತು. ಮಗಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕುಡಿಯದ ಪ್ರತಿ ದಿನಕ್ಕೂ ಹಸಿರು ಟಿಕ್ ಹಾಕುತ್ತಿದ್ದಳು. ರಜೆ ಮುಗಿಸಿ ಮೈಸೂರಿಗೆ ಹೋದರೂ ಫೋನಿನಲ್ಲಿ ಕೇಳಿ ಅಮ್ಮನ ಕೈಯಲ್ಲಿ ಹಾಕಿಸುತ್ತಿದ್ದಳು. ಹವಾಲ್ದಾರರು ಒಂದು ದಿನ ಅದನ್ನು ಕಿತ್ತು ಒಲೆಗೆ ಹಾಕಿದರು. "ಮತ್ತೆ ಶುರು ಮಾಡ್ಕೊಂಡಿದ್ದಾರೆ" ಎಂದು ಪತ್ನಿ ಅಳುತ್ತಾ ಫೋನ್ ಮಾಡಿದರು.

ಎಲ್ಲರನ್ನೂ ಬೇರೆ ಬೇರೆಯಾಗಿ ಕೂರಿಸಿ ಒಂದೇ ಪ್ರಶ್ನೆ ಕೇಳಿದೆ: ಇವರು ಚೇತರಿಸಿಕೊಂಡರು ಎಂದು ನಿಮಗೆ ಯಾವಾಗ ಅನಿಸುತ್ತದೆ?

ಪತ್ನಿ ಹೇಳಿದ್ದು: "ರಾತ್ರಿ ನಾಯಿ ಬೊಗಳಿದರೆ ನನ್ನ ಎದೆ ಹೊಡ್ಕೋಬಾರದು. ನಿದ್ದೆ ಬರಬೇಕು."

ಮಗಳು: "ಎಂಟು ಗಂಟೆ ಮೇಲೆ ಫೋನ್ ಮಾಡೋಕೆ ಭಯ ಆಗಬಾರದು."

ಅಣ್ಣ: "ಎಲ್ಲರ ಜೊತೆ ಕೂತು ಎರಡು ಪೆಗ್ ಹಾಕಿ ಎದ್ದು ಹೋಗಬೇಕು. ಲಿಮಿಟ್ಟಾಗಿ. ಅದೇ ಸರಿಯಾಗಿರೋದು."

ಹವಾಲ್ದಾರರು ಯೋಚಿಸಲೂ ಇಲ್ಲ. "ಕೋವಿ ಮನೆಗೆ ಬರಬೇಕು. ಕೈಲ್‌ಪೊಳ್ದಿಗೆ ಅದಕ್ಕೆ ನಾನೇ ಹೂ ಸಿಕ್ಕಿಸಬೇಕು."

ನಾಲ್ಕು ಮಂದಿ, ನಾಲ್ಕು ಬೇರೆ ಗುರಿ. ಪತ್ನಿಯ ನಿದ್ದೆಗೂ ಅವರ ಕೋವಿಗೂ ನೇರ ತಿಕ್ಕಾಟ. ಕೋವಿ ಬಂದರೆ ಅವರ ಮಾನ ಬಂದಂತೆ. ಅದೇ ಕೋವಿ ಬಂದರೆ ಪತ್ನಿಯ ನಿದ್ದೆ ಹೋಗುತ್ತದೆ. ಅಷ್ಟು ದಿನ ಇವರೆಲ್ಲ ಕುಡಿತದ ಹೆಸರಿನಲ್ಲಿ ಜಗಳವಾಡುತ್ತಿದ್ದರು. ಜಗಳ ಇದ್ದದ್ದು ಇದರ ಮೇಲೆ.

ವೈದ್ಯಕೀಯದಲ್ಲೂ ಒಂದೇ ಅಳತೆ ಇಲ್ಲ. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ಅಮೆರಿಕದ ಕೈಪಿಡಿ ಮದ್ಯದ ಸಮಸ್ಯೆಗೆ 11 ಲಕ್ಷಣ ಪಟ್ಟಿ ಮಾಡುತ್ತದೆ. ಅವು ಮೂರು ತಿಂಗಳು ಕಾಣದಿದ್ದರೆ ಆರಂಭದ ಉಪಶಮನ, ಹನ್ನೆರಡು ತಿಂಗಳು ಕಾಣದಿದ್ದರೆ ಸ್ಥಿರ ಉಪಶಮನ. ಅದರಲ್ಲಿ ಒಂದು ಲಕ್ಷಣಕ್ಕೆ ಮಾತ್ರ ರಿಯಾಯಿತಿ ಇದೆ, ಕುಡಿಯಬೇಕೆಂಬ ತುಡಿತಕ್ಕೆ. ತುಡಿತ ಉಳಿದಿದ್ದರೂ ಉಪಶಮನ ಎಂದೇ ಲೆಕ್ಕ. ಅದೇ ದೇಶದ ಸಾಂಸಾ ಎಂಬ ಸರ್ಕಾರಿ ಸಂಸ್ಥೆ 2012ರಲ್ಲಿ ಚೇತರಿಕೆಗೆ ನಾಲ್ಕು ಆಧಾರ ಹೇಳಿತು: ಆರೋಗ್ಯ, ಮನೆ, ಬದುಕಿಗೊಂದು ಉದ್ದೇಶ, ಜೊತೆಗೆ ಜನ. ಎಷ್ಟು ದಿನ ಕುಡಿಯಲಿಲ್ಲ ಎಂಬುದು ಆ ನಾಲ್ಕರಲ್ಲಿ ಬೇರೆಯಾಗಿ ಬರುವುದೇ ಇಲ್ಲ.

ತುಡಿತದ ಮಾತು ಹೇಳಿದಾಗ ಹವಾಲ್ದಾರರು ಕುರ್ಚಿಗೆ ಒರಗಿ ಕೂತರು. ಸಂಜೆಯಾದರೆ ಈಗಲೂ ಬಾಯಿ ಒಣಗುತ್ತದೆ, ಹಾಗಾಗಿ ತಾನು ಒಳಗೊಳಗೇ ಸೋತಿದ್ದೇನೆ ಎಂದು ಅವರು ಅಂದುಕೊಂಡಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ.

ಅಣ್ಣನ "ಲಿಮಿಟ್" ಬಗ್ಗೆ ನಾನು ಸ್ಪಷ್ಟವಾಗಿಯೇ ಹೇಳಿದೆ. ಕುಡಿತ ಅಷ್ಟು ಬಲಿಯದವರು ಕಡಿಮೆ ಮಾಡಿಕೊಂಡು ಸರಿಹೋಗುವುದುಂಟು. ಫಿಟ್ಸ್, ಡೆಲಿರಿಯಂ ಎರಡೂ ಕಂಡವರಿಗೆ ಆ ದಾರಿ ಬೇಡ. ಪ್ರತಿ ಸಲ ಮತ್ತೆ ಹಿಡಿದು ಮತ್ತೆ ಬಿಟ್ಟಾಗ ಹಿಂತೆಗೆತದ ತೊಂದರೆ ಜೋರಾಗುತ್ತಾ ಹೋಗಬಹುದು. ಅಣ್ಣ ಅರ್ಧ ಒಪ್ಪಿದರು. "ಹಾಗಾದರೆ ವ್ಯಾನ್ ಕಳಿಸಿ ಎತ್ತಿಕೊಂಡು ಹೋಗುವ ಸೆಂಟರ್ ಇದೆಯಂತಲ್ಲ, ಅಲ್ಲಿಗೆ ಹಾಕೋಣ" ಎಂದರು. ಅದನ್ನೂ ತಡೆದೆವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯದಿಂದಾಗುವ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ. ಮನಸ್ಸು ಸರಿಯಿದ್ದು ತನ್ನ ನಿರ್ಧಾರ ತಾನೇ ಮಾಡಬಲ್ಲವನನ್ನು ಹಾಗೆ ಹೊತ್ತೊಯ್ಯುವಂತಿಲ್ಲ. ಸಾರಿನಲ್ಲಿ ಪುಡಿ ಬೆರೆಸಿದ ಮನೆಯಲ್ಲಿ ಇನ್ನೊಮ್ಮೆ ಬಲವಂತ ಮಾಡಿದ್ದರೆ ಅವರು ಮತ್ತೆ ಯಾರ ಮಾತೂ ಕೇಳುತ್ತಿರಲಿಲ್ಲ.

ಮಾಡಿಕೊಂಡ ಒಪ್ಪಂದ

ಕ್ಯಾಲೆಂಡರ್ ಹೋಯಿತು. ಅದರ ಬದಲು ಮಗಳು ರಾತ್ರಿ ಎಂಟೂವರೆಗೆ ಫೋನ್ ಮಾಡುವುದು, ಅಪ್ಪನೇ ಎತ್ತುವುದು. ಕುಡಿದಿದ್ದೀರಾ ಎಂದು ಕೇಳುವ ಹಾಗಿಲ್ಲ. ಮಾತಾಡಿದರೆ ಗೊತ್ತಾಗುತ್ತದಲ್ಲ.

ಮದ್ಯವೂ ಸಿಗುವ ಸೇನಾ ಕ್ಯಾಂಟೀನಿನ ಕಾರ್ಡು ಅವರ ಬಳಿಯೇ ಇರಲಿ ಎಂದು ಪತ್ನಿ ಒಪ್ಪಿದ್ದು ನನಗೂ ಆಶ್ಚರ್ಯ. ಆದರೆ ಕ್ಯಾಂಟೀನಿಗೆ ಇಬ್ಬರೂ ಒಟ್ಟಿಗೆ ಹೋಗುವುದು, ದಿನಸಿ ಮಾತ್ರ ತರುವುದು. ಸ್ಪ್ರಿಂಕ್ಲರ್ ಕಾಲದಲ್ಲಿ ರಾತ್ರಿ ತೋಟಕ್ಕೆ ಒಬ್ಬರೇ ಹೋಗುವಂತಿಲ್ಲ, ಅಣ್ಣನ ಮಗ ಜೊತೆಗಿರಬೇಕು. ವೈದ್ಯರು ಲಿವರ್ ಪರೀಕ್ಷೆ ನೋಡಿ ನಾಲ್ಟ್ರೆಕ್ಸೋನ್ ಮಾತ್ರೆ ಬರೆದರು. ಅದು ಕುಡಿದಾಗ ಸಿಗುವ ಖುಷಿಯನ್ನು ತಗ್ಗಿಸುತ್ತದೆ, ತುಡಿತವನ್ನೂ ಸ್ವಲ್ಪ ಇಳಿಸುತ್ತದೆ. ಮಾತ್ರೆ ಕೊಡುವವರು, ತೆಗೆದುಕೊಳ್ಳುವವರು ಎರಡೂ ಅವರೇ. ಊಟಕ್ಕೆ ಯಾರೂ ಏನೂ ಬೆರೆಸುವುದಿಲ್ಲ ಎಂದು ಪತ್ನಿ ಮಾತು ಕೊಟ್ಟರು. ಅಂದಿನಿಂದ ಹವಾಲ್ದಾರರು ಮನೆಯಲ್ಲಿ ಮತ್ತೆ ಊಟಕ್ಕೆ ಕೂತರು.

ಮೈಸೂರಿನಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಹುಣಸೂರು ದಾರಿಯ ಬಸ್ಸು ಹತ್ತಿ ಒಂದೆರಡು ಸಲ ಹೋದರು. ಇಷ್ಟವಾಗಲಿಲ್ಲ. ಆದರೆ ಅಲ್ಲಿ ಸಿಕ್ಕ ಇನ್ನೊಬ್ಬ ನಿವೃತ್ತ ಸೈನಿಕರ ಜೊತೆ ಫೋನ್ ಸ್ನೇಹ ಉಳಿಯಿತು. ನನ್ನ ಜೊತೆ ಆಡಿದ್ದಕ್ಕಿಂತ ಜಾಸ್ತಿ ಮಾತು ಆ ಫೋನಿನಲ್ಲಿ ಆಗಿದೆ.

ಕೋವಿಗೆ ಗಡುವು ಹನ್ನೆರಡು ತಿಂಗಳು. ಅದಾದ ಮೇಲೆ ಕೂತು ಮಾತಾಡುವುದು. ತಾನಾಗಿ ಬರುತ್ತದೆ ಎಂದಲ್ಲ, ಮಾತಾಡುವುದು ಎಂದಷ್ಟೇ. ಈ ಪದಕ್ಕಾಗಿ ಗಂಡ ಹೆಂಡತಿ ನನ್ನೆದುರು ಬಹಳ ಹೊತ್ತು ಎಳೆದಾಡಿದರು.

ಮೊದಲ ಕೈಲ್‌ಪೊಳ್ದ್

ಗಡುವಿನ ನಡುವೆಯೇ ಹಬ್ಬ ಬಂತು. ಐನ್‌ಮನೆಗೆ ಹೋಗಬೇಕೋ ಬೇಡವೋ? ಪುಸ್ತಕದ ಪ್ರಕಾರ ಮೊದಲ ವರ್ಷ ಮದ್ಯ ಇರುವ ಕಡೆ ಹೋಗದಿರುವುದು ಒಳ್ಳೆಯದು. ಆದರೆ ಐನ್‌ಮನೆ ಎಂದರೆ ಬಾರ್ ಅಲ್ಲ, ಅವರ ಒಕ್ಕದ ಮೂಲಮನೆ. ಅಲ್ಲಿಂದ ದೂರ ಇಟ್ಟರೆ ಕುಡಿತಕ್ಕೆ ಕಾರಣವಾಗಿದ್ದ ಒಂಟಿತನವನ್ನೇ ಮದ್ದು ಎಂದು ಬರೆದುಕೊಟ್ಟಂತೆ. ಹೋಗಲಿ ಎಂದು ತೀರ್ಮಾನಿಸಿದೆವು. ಬೆಳಿಗ್ಗೆ ಪೂಜೆಗೆ ಹೋಗಿ, ಊಟ ಮುಗಿಸಿ, ಸಂಜೆಯ ಕುಡಿತ ಶುರುವಾಗುವ ಮೊದಲು ಹೊರಡುವುದು. ಜೀಪು ತಮ್ಮದೇ ಇರಬೇಕು, ಬೇರೆಯವರ ಗಾಡಿಯಲ್ಲಿ ಹೋದರೆ ಅವರು ಹೊರಡುವವರೆಗೆ ಕಾಯಬೇಕಾಗುತ್ತದೆ.

ಹವಾಲ್ದಾರರು ಹಬ್ಬಕ್ಕೆ ಮೊದಲೇ ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಬಳಿ ಹೋಗಿ ವಿಷಯ ಹೇಳಿದರು. ಎಂಬತ್ತು ದಾಟಿದ ಹಿರಿಯರು. "ಕಾರಣವರಿಗೆ ಇಟ್ಟದ್ದು ಕಾರಣವರಿಗೆ. ನೀನು ಕುಡೀಲೇಬೇಕು ಅಂತ ಅವರೇನೂ ಕೇಳಿಲ್ಲ" ಎಂದರಂತೆ. ಹಬ್ಬದ ದಿನ ಯಾರೋ ಲೋಟ ಚಾಚಿದಾಗ ಆ ಹಿರಿಯರೇ "ಅವನಿಗೆ ಬೇಡ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಸಮಾಲೋಚಕರು ಹತ್ತು ಸಲ ಹೇಳಿದರೂ ಆಗದ್ದು ಅಲ್ಲಿ ಆಯಿತು. ಹವಾಲ್ದಾರರು ತಮ್ಮ ಕೋವಿ ಇಲ್ಲದೆ, ಐನ್‌ಮನೆಯ ಕೋವಿಗೆ ಹೂ ಸಿಕ್ಕಿಸಿದರು. ಕಡಂಬುಟ್ಟು, ಪಂದಿ ಕರಿ ಉಂಡು ಮಧ್ಯಾಹ್ನವೇ ಮನೆಗೆ ಬಂದರು. ಮನೆಗೆ ಬಂದು ತುಂಬಾ ಸಿಟ್ಟಾಗಿದ್ದರು ಎಂದು ಪತ್ನಿ ಹೇಳಿದರು. ಎಲ್ಲರ ಕೋವಿಯೂ ಸಾಲಾಗಿ ಇತ್ತು, ತನ್ನದಿರಲಿಲ್ಲ ಎಂದು.

ಜಾರಿದ ರಾತ್ರಿ

ಜನವರಿ ಕೊನೆ, ಕಾಫಿ ಕೊಯ್ಲು ಜೋರಾಗಿದ್ದಾಗ ಹತ್ತಿರದ ನೆಂಟರೊಬ್ಬರು ತೀರಿಕೊಂಡರು. ಸಾವಿನ ಮನೆಯಲ್ಲಿ ರಾತ್ರಿ ಕುಡಿದರು. ಬೆಳಿಗ್ಗೆ ಪತ್ನಿ ಎದ್ದಾಗ ಹವಾಲ್ದಾರರು ಜಗಲಿಯಲ್ಲಿ ಕೂತಿದ್ದರು. "ನಿನ್ನೆ ಕುಡಿದೆ" ಎಂದರು.

ಪತ್ನಿ ನನಗೆ ಇದನ್ನು ಹೇಳುವಾಗ ಬೈಯುತ್ತಲೇ ಹೇಳಿದರು. ಕೊನೆಗೆ ಒಂದು ಮಾತು ಸೇರಿಸಿದರು: "ಇಷ್ಟು ವರ್ಷದಲ್ಲಿ ಅವರ ಬಾಯಿಂದಲೇ ಕೇಳಿದ್ದು ಇದೇ ಮೊದಲು. ಯಾವಾಗಲೂ ನಾನೇ ಬಾಟಲಿ ಹುಡುಕಿ ಹಿಡೀತಿದ್ದೆ." ಅಂದು ಸಂಜೆ ಎಂಟೂವರೆಯ ಫೋನಿನಲ್ಲಿ ಮಗಳಿಗೂ ಅವರೇ ಹೇಳಿದರು. ಆಮೇಲೆ ಮೈಸೂರಿನ ಗೆಳೆಯರಿಗೆ. ಅದು ಒಂದು ರಾತ್ರಿಗೆ ನಿಂತಿತು. ಕ್ಯಾಲೆಂಡರ್ ಇದ್ದಿದ್ದರೆ ಟಿಕ್ ಮತ್ತೆ ಒಂದರಿಂದ ಶುರುವಾಗುತ್ತಿತ್ತು, ಮತ್ತು ಬಹುಶಃ ಅವರು ಹೇಳುತ್ತಲೇ ಇರಲಿಲ್ಲ.

ಕೋವಿಯ ಗಡುವನ್ನು ಇದಕ್ಕಾಗಿ ಮುಂದೆ ಹಾಕಬೇಕೇ ಎಂಬ ಪ್ರಶ್ನೆ ಬಂತು. ಬೇಡ ಎಂದದ್ದು ಪತ್ನಿಯೇ.

ಈಗ

ಹನ್ನೆರಡು ತಿಂಗಳಾದ ಮೇಲೆ ಕೂತು ಮಾತಾಡಿದರು. ಖಿನ್ನತೆ ತಗ್ಗಿತ್ತು, ಸಾಯುವ ಯೋಚನೆ ಇಲ್ಲ ಎಂದು ಮನೋವೈದ್ಯರು ಬೇರೆಯಾಗಿ ನೋಡಿ ಹೇಳಿದ್ದರು. ಪತ್ನಿ ಒಂದು ಅರ್ಧ ದಾರಿ ಮುಂದಿಟ್ಟರು. ಕೋವಿ ಕೈಲ್‌ಪೊಳ್ದಿಗೆ ಮತ್ತು ಹುತ್ತರಿಗೆ ಬರಲಿ, ಹಬ್ಬ ಮುಗಿದ ಮೇಲೆ ಅಂಗಡಿಗೆ ಮರಳಲಿ. ತೋಟಾ, ಅಂದರೆ ಗುಂಡು, ಮನೆಯಲ್ಲಿ ಇರಬಾರದು, ಹುತ್ತರಿಗೆ ಬೇಕಾದ್ದನ್ನು ಅಣ್ಣ ತರಲಿ. ಹವಾಲ್ದಾರರಿಗೆ ಇದು ಪೂರ್ತಿ ಸಮಾಧಾನ ತಂದಿಲ್ಲ. "ಬಾಡಿಗೆ ಕೋವಿ" ಎಂದು ಗೊಣಗುತ್ತಾರೆ. ಆದರೂ ಎರಡನೇ ಕೈಲ್‌ಪೊಳ್ದಿಗೆ ಅದು ಸಾಲಿನಲ್ಲಿತ್ತು, ಹೂ ಅವರೇ ಸಿಕ್ಕಿಸಿದರು. ಮುಂದಿನ ವಾರ ಇಬ್ಬರೂ ಹೋಗಿ ಹಿಂದಿರುಗಿಸಿ, ಹೊಸ ರಸೀದಿ ತಂದರು.

ಈ ಪ್ರಕರಣದ ನಂತರ ನನ್ನ ಕೆಲಸದಲ್ಲಿ ಎರಡು ವಿಷಯ ಬದಲಾಗಿವೆ. ಕೊಡಗಿನಲ್ಲಿ ಹೊಸ ಮನೆಗೆ ಹೋದರೆ ಮೊದಲ ಭೇಟಿಯಲ್ಲೇ ಕೋವಿ ಎಲ್ಲಿದೆ, ತೋಟಾ ಎಲ್ಲಿದೆ ಎಂದು ಕೇಳುತ್ತೇನೆ. ಮತ್ತು ಚೇತರಿಕೆ ಎಂದರೇನು ಎಂದು ಮನೆಯ ಪ್ರತಿಯೊಬ್ಬರನ್ನೂ ಬೇರೆಯಾಗಿ ಕೇಳುತ್ತೇನೆ, ಕುಡಿಯುವವರನ್ನು ಮೊದಲು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯದ ಅವಲಂಬನೆ ಇರುವ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಗುತ್ತದೆ. ಸಿಕ್ಕ ಆ ಒಬ್ಬರಿಗೂ ಈ ಪ್ರಶ್ನೆ ಕೇಳುವವರು ಕಡಿಮೆ. ಇಂಥದ್ದೇ ಸ್ಥಿತಿಯಲ್ಲಿರುವವರು ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಹವಾಲ್ದಾರರ ನಾಲ್ಟ್ರೆಕ್ಸೋನ್ ನಿಂತಿದೆ, ಖಿನ್ನತೆಯ ಮಾತ್ರೆ ಮುಂದುವರಿದಿದೆ. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಎಂಟೂವರೆಯ ಫೋನ್ ಈಗ ದಿನವೂ ಬರುವುದಿಲ್ಲ. ಪತ್ನಿಗೆ ನಿದ್ದೆ ಬರುತ್ತದೆ, ಹಬ್ಬದ ಆ ವಾರ ಬಿಟ್ಟು. ಅಣ್ಣ ಈಗಲೂ ಲಿಮಿಟ್ ಬಗ್ಗೆ ಮಾತಾಡುತ್ತಾರೆ. ಬರುವ ಹುತ್ತರಿಗೆ ಕೋವಿಯನ್ನು ಎಷ್ಟು ದಿನ ಮೊದಲು ತರಬೇಕು ಎಂಬ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ.